ಲಾಂಡ್ರಿ ಅಕ್ಕನ ಇನ್ಸ್‌ಪೆಕ್ಟರ್

ನಮ್ಮ ಲಾಂಡ್ರಿ ಅಕ್ಕನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದವನು ಒಬ್ಬ ಇನ್ಸ್‌ಪೆಕ್ಟರ್, ಅವನೂ ಟೀವಿಯಲ್ಲಿ. ಪ್ರತಿ ಗುರುವಾರ ಸಂಜೆ ಎಂಟಕ್ಕೆ ಬರುತ್ತಿದ್ದ, ಒಂಬತ್ತಕ್ಕೆ ಹೋಗುತ್ತಿದ್ದ. ಹನ್ನೊಂದು ವರ್ಷ ಹೀಗೇ ನಡೆಯಿತು. ಯಾವ ಗಂಡ ಇಷ್ಟು ನಿಯತ್ತಾಗಿರುತ್ತಾನೆ, ನೀವೇ ಹೇಳಿ.

ನಾನು ಅವಳ ಅಂಗಡಿಯಲ್ಲಿ ಇಸ್ತ್ರಿ ಮಾಡುವವಳು. ಮುಂದೆ ಅಂಗಡಿ, ಹಿಂದೆ ಅವಳ ಮನೆ. ಒಗೆಯುವ ಯಂತ್ರಗಳ ಗದ್ದಲಕ್ಕೆ ಅವಳ ಕಿವಿ ಮಂದವಾಗಿದೆ. ಹಾಗಾಗಿ ಅವಳ ಟೀವಿ ಬೀದಿಗೆಲ್ಲ ಕೇಳುತ್ತದೆ, ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ಅವಳ ಮನೆಯ ಗುಟ್ಟು ನನಗೆ ಗೊತ್ತಿರುವಷ್ಟು ಅವಳಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ಇನ್ಸ್‌ಪೆಕ್ಟರನ ಮೇಲೆ ಅವಳಿಗೆ ಮೊದಲು ಪ್ರೀತಿ ಹುಟ್ಟಿದ್ದು ಅಂಗಿಯಿಂದ. ಬಿಳಿ ಅಂಗಿ, ಮೊಣಕೈವರೆಗೆ ಎರಡೇ ಮಡಿಕೆ, ಎಷ್ಟು ಓಡಿದರೂ ಕಾಲರ್ ಮುದುಡುವುದಿಲ್ಲ. "ಒಳ್ಳೆ ಮನೆತನದೋನು ಕಣೇ," ಎನ್ನುತ್ತಿದ್ದಳು, ಹೆಣ್ಣು ಕೊಡುವವರ ಹಾಗೆ. ಆಮೇಲೆ ಹಿಡಿಸಿದ್ದು ಅವನ ಮಾತು. ಸಾಕ್ಷಿ ಹೇಳಲು ಬಂದವರಿಗೆಲ್ಲ ಅವನು ಮೊದಲು ಹೇಳುತ್ತಿದ್ದುದು ಒಂದೇ: "ಕಂಡದ್ದನ್ನು ಹೇಳಿ. ಕಾಣದ್ದು ನಿಮ್ಮದಲ್ಲ."

ಅಕ್ಕ ಅದನ್ನು ಅಂಗಡಿಗೂ ತಂದಳು. ಬಟ್ಟೆ ಯಂತ್ರಕ್ಕೆ ಹೋಗುವ ಮುಂಚೆ ಪ್ರತಿ ಜೇಬನ್ನೂ ಹೊರಗೆಳೆದು ನೋಡುತ್ತಾಳೆ. ಸಿಕ್ಕಿದ್ದನ್ನು ಕಾಗದದ ಕವರಿಗೆ ಹಾಕಿ, ಚೀಟಿಯ ನಂಬರು ಬರೆದು, ಪಿನ್ನು ಹೊಡೆದು, ಬಟ್ಟೆಯ ಜೊತೆ ವಾಪಸು ಕೊಡುತ್ತಾಳೆ. ಒಮ್ಮೆ ಔಷಧಿ ಅಂಗಡಿಯವನ ಹೆಂಡತಿ ಗಂಡನ ಕವರಿನಲ್ಲಿ ಎರಡು ಸಿನಿಮಾ ಟಿಕೆಟ್ ನೋಡಿ ಕೌಂಟರಿಗೇ ಒರಗಿಬಿಟ್ಟಳು. "ಯಾರ ಜೊತೆ ಹೋಗಿದ್ರು? ನಿಮಗೆ ಗೊತ್ತಿರತ್ತೆ, ಹೇಳಿ ಅಕ್ಕ," ಎಂದು ಗೋಗರೆದಳು.

"ಟಿಕೆಟ್ ಎರಡಿತ್ತಮ್ಮ. ಜೊತೇಲಿ ಯಾರಿದ್ರು ಅಂತ ಜೇಬು ಹೇಳಲ್ಲ."

ಆಕೆ ಹೋದಮೇಲೆ ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆದರೆ ಇನ್ಸ್‌ಪೆಕ್ಟರನ ಅದೇ ಮಾತು ಅವಳ ತಮ್ಮನ ಬದುಕನ್ನು ತಿಂದುಹಾಕಿತ್ತು.

ತಮ್ಮ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ. ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿ ಇರುತ್ತಿದ್ದ. ಆರು ವರ್ಷದ ಹಿಂದೆ, ನಾನು ಕೆಲಸಕ್ಕೆ ಸೇರುವ ಮುಂಚೆ, ಒಂದು ಗುರುವಾರ ಸಂಜೆ ಎಂಟರಿಂದ ಒಂಬತ್ತರೊಳಗೆ ಗೋದಾಮಿನಿಂದ ತಾಮ್ರದ ತಂತಿಯ ಸುರುಳಿಗಳು ಮಾಯವಾದವು. ಬೀಗದ ಕೈ ಇದ್ದವರಲ್ಲಿ ತಮ್ಮನೂ ಒಬ್ಬ. "ಜ್ವರ ಬಂದು ಮನೇಲೇ ಮಲಗಿದ್ದೆ, ಅಕ್ಕನ್ನ ಕೇಳಿ," ಎಂದನಂತೆ. ಮ್ಯಾನೇಜರು ಅಂಗಡಿಗೇ ಬಂದು ಕೇಳಿದ. ಕಳ್ಳತನದ ಹೊತ್ತಿಗೆ ಅಕ್ಕ ಇನ್ಸ್‌ಪೆಕ್ಟರನ ಮುಂದೆ ಕೂತಿದ್ದವಳು. ಮಹಡಿ ಹತ್ತಿರಲಿಲ್ಲ. "ನಾನು ಅವನನ್ನ ನೋಡ್ಲಿಲ್ಲ," ಎಂದಳು. ತಮ್ಮನ ಕೆಲಸ ಹೋಯಿತು, ಕಳ್ಳನೆಂಬ ಹೆಸರು ಉಳಿಯಿತು. ಆ ವಾರವೇ ಮನೆ ಬಿಟ್ಟವನು ಮತ್ತೆ ಅಕ್ಕನ ಜೊತೆ ಮಾತಾಡಲಿಲ್ಲ.

ಇದನ್ನು ಅವಳು ನನಗೆ ಹೇಳುವಾಗಲೆಲ್ಲ ಅಳುತ್ತಿದ್ದಳು, ಆದರೆ ತಲೆ ತಗ್ಗಿಸುತ್ತಿರಲಿಲ್ಲ. "ಸ್ವಂತ ತಮ್ಮ ಅಂತ ಇಲ್ಲದ್ದನ್ನ ಹೇಳಕ್ಕಾಗತ್ತಾ?" ಎನ್ನುತ್ತಿದ್ದಳು. ಸರಿಯಾಗಿಯೇ ಇದೆ ಎನಿಸುತ್ತಿತ್ತು. ಒಂದು ಸಲ ಬಸ್‌ಸ್ಟಾಪಿನಲ್ಲಿ ಆ ತಮ್ಮನನ್ನು ಯಾರೋ ತೋರಿಸಿದಾಗ ನಾನೇ ಹಿಗ್ಗಾಮುಗ್ಗಾ ಜಾಡಿಸಿದ್ದೆ, ದೇವರಂಥ ಅಕ್ಕನನ್ನು ಗೋಳುಹುಯ್ಯುತ್ತೀಯಲ್ಲೋ ಎಂದು. ಅವನು ತುಟಿ ಬಿಚ್ಚದೆ ಬಸ್ಸು ಹತ್ತಿದ.

ಹೋದ ಗುರುವಾರ ಧಾರಾವಾಹಿಯ ಕೊನೆಯ ಕಂತು. ಅಕ್ಕ ತಲೆ ಬಾಚಿಕೊಂಡು, ಒಳ್ಳೆ ಬಟ್ಟೆ ಉಟ್ಟು ಕೂತಳು. ಇನ್ಸ್‌ಪೆಕ್ಟರನ ಮಗಳು ಯಾರಿಗೋ ಕಾರು ಗುದ್ದಿ, ನಿಲ್ಲಿಸದೆ ಓಡಿಹೋದಳು. ನಾವೇ ನೋಡಿದೆವು. ಅಪ್ಪನಾದವನು ಕಟಕಟೆ ಹತ್ತಿ, ಅದೇ ಬಿಳಿ ಅಂಗಿಯಲ್ಲಿ, "ಆ ಹೊತ್ತಿಗೆ ನನ್ನ ಮಗಳು ನನ್ನೆದುರಿಗೇ ಕೂತಿದ್ದಳು. ನಾನೇ ಕಣ್ಣಾರೆ ನೋಡಿದ್ದೇನೆ," ಎಂದ. ಅದಕ್ಕೊಂದು ಪಿಟೀಲು ಬೇರೆ, ಮಹಾ ತ್ಯಾಗ ಮಾಡಿದವನ ಹಾಗೆ. ನನಗೆ ಮೈ ಉರಿದುಹೋಯಿತು.

ಅಕ್ಕ ಎದ್ದು ಟೀವಿ ಆರಿಸಿದಳು.

"ಇವನ ಮಾತು ನಂಬಿ ನಾನು ತಮ್ಮನ್ನ ಕಳ್ಕೊಂಡೆ. ಇವನು ಮಗಳನ್ನ ಬಿಟ್ಟುಕೊಡ್ಲಿಲ್ಲ ನೋಡು. ಹನ್ನೊಂದು ವರ್ಷ ಕಣೇ!"

ಮರುದಿನ ಬೆಳಿಗ್ಗೆ ಅವಳ ಕಣ್ಣು ಊದಿತ್ತು. ಜೇಬು ನೋಡುತ್ತಾ ಕೂತಿದ್ದಾಗ ಫೋನು ಹೊಡೆದುಕೊಂಡಿತು. ತಮ್ಮ! ಅವಳ ಕೈಲಿದ್ದ ಪ್ಯಾಂಟು ನೆಲಕ್ಕೆ ಬಿತ್ತು.

"ನಿನ್ನೆ ನೋಡಿದ್ಯಾ ಅಕ್ಕ?"

"ನೋಡ್ದೆ ಕಣೋ. ಅವನು ಸುಳ್ಳು ಹೇಳ್ಬಿಟ್ಟ. ನಿನಗೋಸ್ಕರ ನಾನೂ ಹೇಳ್ಬೇಕಿತ್ತು. ತಪ್ಪಾಯ್ತಪ್ಪ."

"ನಾನು ಸುಳ್ಳು ಹೇಳು ಅಂದಿದ್ನಾ?" ಅವನ ದನಿ ಸಣ್ಣಗಿತ್ತು. "ಆವತ್ತು ಏಳು ಗಂಟೆಗೇ ಬಂದಿದ್ದೆ. ನೀನು ಅಂಗಡೀಲಿದ್ದೆ. ಮೆಟ್ಟಿಲ ಹತ್ರ ಕೆಲಸದ ಬೂಟು ಬಿಚ್ಚಿಟ್ಟು ಮೇಲೆ ಹೋಗಿ ಮಲಗ್ದೆ. ಕಾಲಿಗೆ ಹಾಕ್ಕೊಳಕ್ಕೆ ನನ್ನ ಹತ್ರ ಇದ್ದಿದ್ದು ಅದೊಂದೇ ಅಂತ ನಿನಗೆ ಗೊತ್ತಿತ್ತು. ಆರು ವರ್ಷದಿಂದ ಒಂದೇ ಮಾತು ಕೇಳ್ಬೇಕು ಅಂತಿದೀನಿ. ಟೀವಿ ಮುಂದೆ ಹೋಗ್ವಾಗ ಆ ಬೂಟು ನಿನ್ನ ಕಣ್ಣಿಗೆ ಬೀಳ್ಲಿಲ್ವಾ?"

ಪರರ ಜೇಬಿನ ಚೂರು ಕಾಗದವನ್ನೂ ಬಿಡದವಳು ನೆಲ ನೋಡಿದಳು. ಹಿಂದೆ ಯಂತ್ರ ಗಿರಗಿರ ಸುತ್ತುತ್ತಿತ್ತು.

"ಬಿತ್ತು," ಎಂದಳು. "ದಾಟ್ಕೊಂಡೇ ಹೋದೆ. ಆದ್ರೆ ಅವರು ನಿನ್ನ ನೋಡಿದ್ರಾ ಅಂತ ಕೇಳಿದ್ರು. ಬೂಟಿನ ವಿಷಯ ಕೇಳ್ಲಿಲ್ಲ."

ಆ ಕಡೆಯಿಂದ ಫೋನು ಕಟ್ ಆಯಿತು.

ಅಕ್ಕ ನನ್ನತ್ತ ತಿರುಗಿದಳು, ಎಂದಿನಂತೆ ನಾನು ಅವಳ ಪರ ಏನಾದರೂ ಹೇಳುತ್ತೇನೆಂದು. ನಾನು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದೆ. ಬಸ್‌ಸ್ಟಾಪಿನಲ್ಲಿ ತುಟಿ ಬಿಚ್ಚದೆ ಬಸ್ಸು ಹತ್ತಿದವನ ಮುಖ ಕಣ್ಣ ಮುಂದೆ ಬಂತು. ನಾನು ಸೇರಿದಾಗಿನಿಂದ ಅವಳು ಆ ಕಥೆಯನ್ನು ನನಗೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಒಂದು ಸಲವೂ ಅದರಲ್ಲಿ ಬೂಟು ಇರಲಿಲ್ಲ.