ಟರ್ನಿಪ್ ಹೊಲದ ಗೇಟು

ಆ ಗೇಟನ್ನು ತೆರೆದಿಟ್ಟವಳು ನಾನು, ನಸ್ರೀನ್. ನೀನಲ್ಲ.

ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು. 2013ರ ಚಳಿಗಾಲ — ಹೆಡಿಂಗ್ಲೀಯ ಒಂದೇ ಮನೆಯಲ್ಲಿದ್ದುಕೊಂಡು ನಾವಿಬ್ಬರೂ ವನ್ಯಜೀವಿಗಳ ಬಗ್ಗೆ ಓದುತ್ತಿದ್ದೆವು. ವಾರಾಂತ್ಯಕ್ಕೆ ಡರ್ಬಿಶೈರ್ ಗುಡ್ಡಗಳಿಗೆ ಹೋಗಿ, ಹಳ್ಳಿಯ ಪ್ರವಾಸಿ ಹಾಸ್ಟೆಲಿನಲ್ಲಿ ಉಳಿದು, ರೈತ ಜಾರ್ಜ್ ಅವರ ಹೊಲದಲ್ಲಿ ಜಿಂಕೆಗಳ ಜಾಡು ಹಿಡಿಯುತ್ತಿದ್ದೆವು. ಎಲ್ಕ್ ಎಂಬ ದೊಡ್ಡ ಜಿಂಕೆ ಈ ಇಂಗ್ಲಿಷ್ ನಾಡಿನಿಂದ ಎಂದೋ ಅಳಿದುಹೋಯಿತು, ಕೆಂಪು ಜಿಂಕೆಯಾದರೂ ಮರಳಿ ಬಂತಲ್ಲ ಎಂದು ನೀನು ಹಿಗ್ಗುತ್ತಿದ್ದೆ. "ನಮ್ಮ ಬಂಡೀಪುರದ ಕಡವೆ ಥರಾನೇ ಇದೆ, ನೋಡೇ!"

ಜಾರ್ಜ್ ಅವರಿಗೆ ಹಿಗ್ಗಿರಲಿಲ್ಲ. ಕುರಿಗಳಿಗೆಂದು ಬೆಳೆದ ಟರ್ನಿಪ್ ಗೆಡ್ಡೆಯನ್ನು ಹಿಂದಿನ ವರ್ಷ ಜಿಂಕೆಗಳು ಮೇದುಹಾಕಿದ್ದವು. ಎತ್ತರದ ಬೇಲಿ ಹಾಕಿಸಿ, ನಮಗೊಂದೇ ಷರತ್ತು ಹಾಕಿದ್ದರು — ಗೇಟು ಮುಚ್ಚಬೇಕು.

ಆ ಸಂಜೆ ನೀನು ಜಿಂಕೆಗಳ ಚಿತ್ರಕ್ಕೆಂದು ನಾವು ಹೊಲದಲ್ಲಿ ಇಟ್ಟಿದ್ದ ಕ್ಯಾಮೆರಾ ನೋಡಿ, ಗೇಟು ಮುಚ್ಚಿ, ತೊರೆಯ ಕಡೆ ಹೋದೆ. ನಾನು ಹಿಂದೆ ಉಳಿದೆ. ಬೇಲಿಯೊಳಗೆ ಅದು ಹೇಗೋ ಒಂದು ಜಿಂಕೆಮರಿ ಸಿಕ್ಕಿಕೊಂಡಿತ್ತು. ತಾಯಿ ಹೊರಗೆ, ತಂತಿಗುಂಟ ಆ ತುದಿಗೂ ಈ ತುದಿಗೂ ಓಡುತ್ತಿತ್ತು. ಜಾರ್ಜ್ ನೋಡಿದರೆ ಕೋವಿ ತರುತ್ತಾರೆ — ಗೇಟು ತೆರೆದು ಹೊಲದಂಚಿನ ಕಲ್ಲುಗೋಡೆಯ ಮರೆಯಲ್ಲಿ ಕುಳಿತೆ. ಮರಿ ಬರಲಿಲ್ಲ. "ಕತ್ತಲಾಗ್ತಿದೆ, ಬಾರೇ!" ಎಂದು ನೀನು ಕೂಗಿದೆ. ಮುಚ್ಚಬಹುದಿತ್ತು. ಮುಚ್ಚದೆ ಬಂದೆ.

ಬೆಳಿಗ್ಗೆ ನೋಡಿದರೆ ಜಿಂಕೆಗಳ ಇಡೀ ಹಿಂಡು ಒಳಗೆ ನುಗ್ಗಿ ಹೋಗಿತ್ತು. ಕಿತ್ತ ಗೆಡ್ಡೆಗಳ ನಡುವೆ ತಾಯಿ ಜಿಂಕೆ ಗುಂಡು ತಗುಲಿ ಬಿದ್ದಿತ್ತು. ಮರಿ ಎಲ್ಲಿಯೂ ಇರಲಿಲ್ಲ. ಜಾರ್ಜ್ ಮೆಲ್ಲಗೆ ಕೇಳಿದರು: "ಕೊನೆಗೆ ಗೇಟು ದಾಟಿದ್ದು ಯಾರು?"

"ನಸ್ರೀನ್. ಮುಚ್ಚೋದು ಮರೆತಿರಬೇಕು," ಎಂದೆ.

ನೀನು ನನ್ನ ಮುಖ ನೋಡಿದೆ, ಆಮೇಲೆ ನಿನ್ನ ಕೈಗಳನ್ನು. "ಮುಚ್ಚಿದ್ದೆ ಅನ್ಸುತ್ತೆ... ಸಾರಿ." ನಿನ್ನ ಕೈಗಿಂತ ನನ್ನ ಮಾತನ್ನೇ ನಂಬಿದೆಯಲ್ಲ, ನಸ್ರೀನ್ —

ಜಾರ್ಜ್ ನಿನ್ನನ್ನು ಮತ್ತೆ ಹೊಲದೊಳಗೆ ಬಿಡಲಿಲ್ಲ. ನೀನು ಬೇರೆಯವರ ಅಂಕಿಅಂಶ ಇಟ್ಟುಕೊಂಡು ಹೇಗೋ ಓದು ಮುಗಿಸಿ ಮೈಸೂರಿಗೆ ಮರಳಿದೆ. ನಾನು ಅದೇ ಹೊಲದಲ್ಲಿ ಕೆಲಸ ಮುಗಿಸಿ ಹೊಗಳಿಸಿಕೊಂಡೆ. ಹೊರಡುವವರೆಗೂ ನೀನು ಮನೆಯ ಬಾಗಿಲು ಹಾಕಿ, ಮತ್ತೆ ಮತ್ತೆ ಎಳೆದು ನೋಡುತ್ತಿದ್ದೆ. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ.

ಗೇಟು ತೆರೆದದ್ದು ಕರುಣೆಯಿಂದ. ನಿನ್ನ ಹೆಸರು ಹೇಳಿದ್ದು ಕರುಣೆಯಿಂದಲ್ಲ.

ಮೊನ್ನೆ ಜಾರ್ಜ್ ಅವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು, "ಆ ಹುಡುಗಿಗೆ ಗೊತ್ತಾ?" ಎಂದರು.

"ಇಲ್ಲ," ಎಂದೆ.

"ಹಾಗಾದ್ರೆ ನನಗ್ಯಾಕೆ ಹೇಳ್ತಿದ್ದೀಯ?" ಎಂದು ಫೋನ್ ಇಟ್ಟರು.