ಅತ್ತೆಯ ಮಾತು, ಅಳಿಯನ ಕ್ಯಾಮೆರಾ

ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವನನ್ನು ಬೀದಿಯವರೆಲ್ಲ ‘ಎಕ್ಸ್‌ರೇ ಸಾರ್’ ಎಂದೇ ಕರೆಯುತ್ತಿದ್ದರು. ಮಾತು ಕಡಿಮೆ. ಎಷ್ಟು ಕಡಿಮೆ ಎಂದರೆ, “ಅಳೆದೂ ಸುರಿದೂ ದಿನಕ್ಕೆ ನಾಲ್ಕು ಮಾತು, ಅದರಲ್ಲಿ ಎರಡು ‘ಹೂಂ’” ಎಂದು ಹೆಂಡತಿ ಎಲ್ಲರೆದುರೂ ಹೇಳುತ್ತಿದ್ದಳು. ಕೆಲಸದಲ್ಲಿ ಅವನಿಗೆ ಬೇಕಾಗುತ್ತಿದ್ದುದೂ ಎರಡೇ ಮಾತು: ಉಸಿರು ಬಿಗಿ ಹಿಡೀರಿ, ಈಗ ಬಿಡಿ.

ನಲವತ್ತು ದಾಟಿದ ಮೇಲೆ ಅವನಿಗೆ ಕ್ಯಾಮೆರಾದ ಹುಚ್ಚು ಹತ್ತಿತು. ಭಾನುವಾರ ಬಂತೆಂದರೆ ಅದನ್ನು ಕೊರಳಿಗೆ ಹಾಕಿಕೊಂಡು ಹೊರಡುತ್ತಿದ್ದ. ಮೆಟ್ಟಿಲು, ಮುಚ್ಚಿದ ಕಿಟಕಿ, ಬಣ್ಣ ಸುಲಿದ ಗೋಡೆ, ಇವುಗಳ ಫೋಟೋ ತೆಗೆದು ಆಲ್ಬಮ್ಮಿನಲ್ಲಿ ಒಪ್ಪವಾಗಿ ಅಂಟಿಸುತ್ತಿದ್ದ. ಮನುಷ್ಯರ ತಂಟೆಗೆ ಹೋಗುತ್ತಿರಲಿಲ್ಲ. ಒಮ್ಮೆ ಭಾವನ ಮನೆಯವರನ್ನೆಲ್ಲ ಸಾಲಾಗಿ ಕೂರಿಸಿ ತೆಗೆದಾಗ, ಯಾರಿಗೋ ಕೈ ಮುರಿದ ಸುದ್ದಿ ಕೇಳಿದವರ ಹಾಗೆ ಎಲ್ಲರೂ ಬಿಗಿದುಕೊಂಡು ಕೂತಿದ್ದರು.

ಹೀಗಿರುವಾಗ ಅತ್ತೆ ಮಗಳ ಮನೆಗೆ ಬಂದು ನೆಲೆಸಿದಳು. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಟ್ಟೆ ಕತ್ತರಿಸಿ ನಿವೃತ್ತಳಾದವಳು. ಯಂತ್ರಗಳ ಗದ್ದಲದ ಮೇಲೆ ಕೂಗಿ ಕೂಗಿ ಮಾತಾಡಿ ಅಭ್ಯಾಸ, ಬಾಯಿಗೆ ಬೀಗವೆಂಬುದಿಲ್ಲ. ಬಂದ ವಾರವೇ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಮಗುಚಿದಳು.

“ಅಳಿಯಂದ್ರೇ, ಈ ಊರಲ್ಲಿ ಜನ ಇಲ್ವಾ?”

“ಇದ್ದಾರೆ.”

“ಮತ್ತೆ ಬರೀ ಗೋಡೆನೇ ಇದೆಯಲ್ಲ. ಗೋಡೆಗೆ ಕಿವಿ ಇರುತ್ತೆ ಅಂತಾರೆ. ಮುಖ ಇರುತ್ತೆ ಅಂತ ಯಾರೂ ಹೇಳಿಲ್ಲ.”

ಅವನು ಆಲ್ಬಮ್ಮನ್ನು ಮುಚ್ಚಿದ. “ಜನ ಸೆಟೆದುಕೊಳ್ತಾರೆ ಅತ್ತೆ. ಏನು ಮಾತಾಡ್ಬೇಕು ಅಂತ ನನಗೆ ಗೊತ್ತಾಗಲ್ಲ.”

“ಮಾತು ನನಗೆ ಬಿಡಿ. ನೀವು ಗುಂಡಿ ಒತ್ತಿ.”

ಮುಂದಿನ ಭಾನುವಾರ ಇಬ್ಬರೂ ಮೂಲೆಯ ಬೀಗ ರಿಪೇರಿಯವನ ಮುಂದೆ ನಿಂತರು. ಅವನೋ ಹುಟ್ಟಾ ಗಂಟುಮೋರೆ. ಅತ್ತೆ ಅಲ್ಲೇ ಸ್ಟೂಲು ಎಳೆದುಕೊಂಡು ಕೂತು, “ನಿಮ್ಮ ಮನೆ ಬೀಗದ ಕೈ ಕಳೆದ್ರೆ ಏನು ಮಾಡ್ತೀರಪ್ಪಾ?” ಎಂದಳು. ಅವನು ಉಜ್ಜುತ್ತಿದ್ದ ಅರದಿಂದ ತಲೆ ಎತ್ತಿದ. “ಹೋದ ತಿಂಗಳು ಕಳೆದಿತ್ತು. ಹೆಂಡ್ತಿಗೆ ಗೊತ್ತಾದ್ರೆ ಮರ್ಯಾದೆ ಹೋಗುತ್ತೆ ಅಂತ ಕಿಟಕಿ ಹತ್ತಿ ಇಳಿದೆ” ಎಂದು ಹೇಳುತ್ತಾ ತಾನೇ ನಕ್ಕುಬಿಟ್ಟ. ಅಳಿಯ ಗುಂಡಿ ಒತ್ತಿದ.

ಫೋಟೋ ಕೈಸೇರಿದ ಮರುದಿನ ಬೀಗದವನ ಹೆಂಡತಿ ಮನೆ ಹುಡುಕಿಕೊಂಡು ಬಂದಳು. “ಇವರಿಗೆ ನಗೋಕೆ ಬರುತ್ತೆ ಅನ್ನೋದನ್ನೇ ಮರೆತಿದ್ದೆ. ಅಂಥಾದ್ದೇನು ಹೇಳಿದ್ರಿ?” ಅತ್ತೆ ಕಿಟಕಿಯ ಗುಟ್ಟು ಬಿಡಲಿಲ್ಲ.

ಅಂದೇ ಇಬ್ಬರೂ ನಿಶ್ಚಯಿಸಿದರು: ಬೀದಿಯಲ್ಲಿ ದುಡಿಯುವವರನ್ನೆಲ್ಲ, ಒಬ್ಬರನ್ನೂ ಬಿಡದೆ, ಅವರವರ ಜಾಗದಲ್ಲೇ ಫೋಟೋ ತೆಗೆಯಬೇಕು. ಇಸ್ತ್ರಿಯವಳು, ಬೇಕರಿಯ ಒಲೆಯವನು, ಅಂಚೆಯವಳು, ಹೀಗೆ ಏಳು ತಿಂಗಳಲ್ಲಿ ನಲವತ್ತೊಂದು ಜನರಾದರು. ಭಾನುವಾರದ ಅಡುಗೆ ಪೂರ್ತಿ ಹೆಂಡತಿಯ ತಲೆಗೆ ಬಂತು. “ನೀವಿಬ್ಬರೂ ತಾಯಿ ಮಗನ ಹಾಗೆ ಸುತ್ತಿ, ಕಡೆಗೆ ನನ್ನನ್ನೇ ಈ ಮನೆ ಸೊಸೆ ಮಾಡಿಟ್ರಿ” ಎಂದು ಅವಳು ಗೊಣಗಿದಳು. ಆದರೆ ಹೊಸ ಫೋಟೋಗಳನ್ನು ಮೊದಲು ನೋಡುತ್ತಿದ್ದವಳೂ ಅವಳೇ.

ಅಷ್ಟರಲ್ಲಿ ಅತ್ತೆಯ ದನಿ ಒಡೆಯತೊಡಗಿತು. ಮೊದಮೊದಲು ಶೀತವೆಂದು ಕಷಾಯ ಕುಡಿದಳು. ಎರಡು ತಿಂಗಳಾದರೂ ಸರಿಹೋಗಲಿಲ್ಲ. ಗಂಟಲಲ್ಲಿ ಸಣ್ಣದೊಂದು ಗಂಟಿದೆ ಎಂದ ವೈದ್ಯರು, ಅದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಮೂರು ವಾರ ತುಟಿ ಪಿಟಕ್ಕೆನ್ನಬಾರದು ಎಂದು ಕಟ್ಟಪ್ಪಣೆ ಮಾಡಿದರು. ಮಾತಿನ ಬದಲು ಅತ್ತೆಯ ಕೈಗೆ ಸ್ಲೇಟು ಬಂತು.

ಪರೀಕ್ಷೆಯ ಫಲಿತಾಂಶ ಬರುವವರೆಗಿನ ಐದು ದಿನ ಅವನು ಬಿಡುವಾದಾಗಲೆಲ್ಲ ಆಸ್ಪತ್ರೆಯ ಪ್ರಯೋಗಾಲಯದ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಎಕ್ಸ್‌ರೇಯಲ್ಲಿ ಬೇಡದ ನೆರಳು ಕಂಡಾಗಲೂ ಮುಖ ಬದಲಾಗದಂತೆ ಇರಲು ಕಲಿತವನಿಗೆ, ಮನೆಯಲ್ಲಿ ಅತ್ತೆಯ ಎದುರು ಊಟಕ್ಕೆ ಕೂರಲಾಗುತ್ತಿರಲಿಲ್ಲ. ಆರನೆಯ ದಿನ ಕಾಗದ ಹಿಡಿದು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ.

“ಏನೂ ಇಲ್ಲ ಅತ್ತೆ. ಬರೀ ಗಂಟು. ಕೂಗಿ ಕೂಗಿ ಆಗಿದ್ದಂತೆ. ಇನ್ನು ಭಯ ಇಲ್ಲ, ಊಟ ಮಾಡಿ, ನಿದ್ದೆ ಮಾಡಿ...” ಒಂದೇ ಉಸಿರಿಗೆ ಅವನು ಅಷ್ಟು ಮಾತಾಡಿದ್ದನ್ನು ಆ ಮನೆ ಕೇಳಿರಲಿಲ್ಲ. ಅತ್ತೆ ಅವನ ಕೈ ಹಿಡಿದು ಸ್ವಲ್ಪ ಹೊತ್ತು ಕೂತಳು. ಆಮೇಲೆ ಸ್ಲೇಟು ಎತ್ತಿಕೊಂಡು ಬರೆದಳು: ‘ಭಾನುವಾರ ಕ್ಷೌರದಂಗಡಿ ಬಾಕಿ ಇದೆ.’

“ಮಾತಾಡೋರು ಯಾರು?”

ಅವಳು ಕ್ಯಾಮೆರಾವನ್ನು ಗೂಟದಿಂದ ತೆಗೆದು ತನ್ನ ಕೊರಳಿಗೆ ಹಾಕಿಕೊಂಡಳು.

ಕ್ಷೌರದಂಗಡಿಯಲ್ಲಿ ಅವನು ಐದು ನಿಮಿಷ ಕಂಬದಂತೆ ನಿಂತ. ಹಿಂದಿನಿಂದ ಅತ್ತೆ ತಿವಿದಳು. ಗಾಬರಿಗೆ ಅವನ ಬಾಯಿಂದ ಹೊರಟಿದ್ದು, “ಉಸಿರು ಬಿಗಿ ಹಿಡೀರಿ.” ಕ್ಷೌರಿಕ ಕತ್ತಿ ಎತ್ತಿದವನು ಹಾಗೇ ನಿಂತ. ಕುರ್ಚಿಯಲ್ಲಿ ನೊರೆ ಹಚ್ಚಿಸಿಕೊಂಡು ಕೂತಿದ್ದವನೂ ಉಸಿರು ಕಟ್ಟಿದ. ‘ಬಿಡಿ’ ಎನ್ನುವುದು ಇವನಿಗೆ ಮರೆತೇಹೋಯಿತು. ಕಡೆಗೆ ಕುರ್ಚಿಯವನ ಉಬ್ಬಿದ ಕೆನ್ನೆಯಿಂದ ಉಸಿರು ಬುಸ್ಸೆಂದು ಹೊರಟು ನೊರೆ ಕನ್ನಡಿಗೆ ಹಾರಿತು; ಅಂಗಡಿಗೆ ಅಂಗಡಿಯೇ ನಕ್ಕಿತು.

ನಗು ನಿಂತ ಮೇಲೆ ಅವನು, ಯಾರೂ ಕೇಳದಿದ್ದರೂ, “ಹೋದ ವಾರ ನಮ್ಮತ್ತೆ ವಿಷಯದಲ್ಲಿ ತುಂಬಾ ಹೆದರಿದ್ದೆ” ಎಂದ. ಕ್ಷೌರಿಕ ಕತ್ತಿ ಕೆಳಗಿಟ್ಟು, ತನ್ನ ತಾಯಿ ಮಲಗಿದ್ದ ವರ್ಷದ ಕತೆ ಶುರುಮಾಡಿದ. ಅತ್ತೆ ಕನ್ನಡಿಯ ಪಕ್ಕಕ್ಕೆ ಸರಿದು ಒಂದೇ ಒಂದು ಫೋಟೋ ತೆಗೆದಳು.

ಮನೆಗೆ ಬಂದು ನೋಡಿದರೆ ಕ್ಷೌರಿಕನ ತಲೆ ಅರ್ಧ ಹೋಗಿತ್ತು. ಅಳಿಯ ಅದನ್ನು ತೋರಿಸಿದ. ಅತ್ತೆ ಸ್ಲೇಟಿನಲ್ಲಿ ಬರೆದಳು: ‘ಬಟ್ಟೆ ಸಾಲಲಿಲ್ಲ.’ ಆದರೆ ಅವನು ಮತ್ತೆ ಮತ್ತೆ ನೋಡಿದ. ಅವಳು ಬೇಡದ್ದನ್ನೆಲ್ಲ ಕತ್ತರಿಸಿ, ಬೇಕಾದ್ದನ್ನಷ್ಟೇ ಉಳಿಸಿದ್ದಳು.

ಆಮೇಲೆ ಉಳಿದ ಇಪ್ಪತ್ತೊಂದು ಜನರನ್ನು ತೆಗೆದವಳು ಅತ್ತೆಯೇ. ದನಿ ಮರಳಿದ ಮೇಲೂ ಕ್ಯಾಮೆರಾ ಮರಳಲಿಲ್ಲ. ಅರವತ್ತಮೂರು ಫೋಟೋಗಳು ಬಡಾವಣೆಯ ಗ್ರಂಥಾಲಯದ ಗೋಡೆಯ ಮೇಲೆ ನಾಲ್ಕು ದಿನ ಇದ್ದವು. ಯಾವುದನ್ನು ಯಾರು ತೆಗೆದರೆಂದು ಬರೆದಿರಲಿಲ್ಲ. ಬೇಕರಿಯವನು ಬೀಗರನ್ನೆಲ್ಲ ಕರೆತಂದು ತನ್ನ ಚಿತ್ರದ ಮುಂದೆ ನಿಲ್ಲಿಸಿದ. ಕ್ಷೌರದಂಗಡಿಯ ಚಿತ್ರದಲ್ಲಿ, ಕನ್ನಡಿಯೊಳಗೆ, ಎಕ್ಸ್‌ರೇ ಸಾರ್ ಕೈ ಎತ್ತಿ ಏನೋ ಹೇಳುತ್ತಿದ್ದ.

“ನಾನು ಹೀಗೆ ಕೈ ಆಡಿಸಿಕೊಂಡು ಮಾತಾಡ್ತೀನಾ?” ಎಂದು ಹೆಂಡತಿಯನ್ನು ಕೇಳಿದ.

“ಈಚೆಗೆ” ಎಂದಳು ಅವಳು.

ಫೋಟೋಗಳನ್ನು ಇಳಿಸಿ, ಅವರವರದನ್ನು ಅವರವರಿಗೆ ಕೊಟ್ಟುಬರಲು ಇಬ್ಬರೂ ಹೊರಟರು. ಒಂದು ಬೆಳಿಗ್ಗೆಯ ಕೆಲಸಕ್ಕೆ ಮೂರು ಭಾನುವಾರ ಹಿಡಿಯಿತು. ಪ್ರತಿ ಬಾಗಿಲಲ್ಲೂ ಅವನ ಮಾತು ಮುಗಿಯುತ್ತಿರಲಿಲ್ಲ. ಅತ್ತೆ ಬಿಸಿಲಲ್ಲಿ ನಿಂತು ನಿಂತು ಸಾಕಾಗಿ, ಇನ್ನೂ ಒರಟಾಗಿದ್ದ ದನಿಯಲ್ಲಿ ಮೆಲ್ಲಗೆ ಕರೆಯುತ್ತಿದ್ದಳು: “ಅಳಿಯಂದ್ರೇ, ಬನ್ನಿ ಇನ್ನು, ಊಟದ ಹೊತ್ತಾಯ್ತು.”