ಪಂಢರಿನಾಥರ ಷರಾ

ಅಕ್ಕಲಕೋಟೆಯ ಪಂಢರಿನಾಥರು ಮ್ಯೂಸಿಯಮ್ಮಿಗೆ ಹೋದರೆ ನೋಡಿ ಬರುವವರಲ್ಲ, ತಪಾಸಣೆ ಮಾಡಿ ಬರುವವರು. ಇದು ಮನೆಯವರು ಆಡಿಕೊಳ್ಳುವ ಮಾತು. ಆಡಿಕೊಂಡರೂ ಸುಳ್ಳಲ್ಲ.

ಮೂವತ್ತನಾಲ್ಕು ವರ್ಷ ಅವರು, ಗಡಿಯಾಚೆ ಮಹಾರಾಷ್ಟ್ರಕ್ಕೆ ಸೇರಿದ ಆ ಊರಿನ ತಾಲೂಕು ಕಚೇರಿಯಲ್ಲಿ ಕಾರಕೂನರಾಗಿದ್ದರು. ಸಾಹೇಬರ ಜೀಪಿನ ಹಿಂದಿನ ಸೀಟಿನಲ್ಲಿ ಕೂತು ಊರೂರು ತಿರುಗುವುದು, ಶಾಲೆ, ಚಾವಡಿ, ರೇಷನ್ ಅಂಗಡಿ ನೋಡುವುದು, ಅಲ್ಲಿಯ ತಪಾಸಣೆ ಪುಸ್ತಕದಲ್ಲಿ ಕಂಡ ಕೊರತೆಗಳ ಷರಾ ಬರೆಯುವುದು ಅವರ ಕೆಲಸ. ಸೋರುವ ಮಾಳಿಗೆ, ಮುರಿದ ಬೆಂಚು ಎಲ್ಲ ಮೊದಲು ಬೀಳುವುದು ಅವರ ಕಣ್ಣಿಗೇ. ಬರೆಯುವವರು ಪಂಢರಿನಾಥರು, ಕೆಳಗೆ ಸಹಿ ಹಾಕುವವರು ಸಾಹೇಬರು. ತಿಂಗಳೊಳಗೆ ಆ ಊರಿನವರು ಷರಾದ ಕೆಳಗೇ ‘ಸರಿಪಡಿಸಲಾಗಿದೆ’ ಎಂದು ಉತ್ತರ ಬರೆಯಬೇಕು. ಆ ಉತ್ತರವೂ ಸಾಹೇಬರ ಹೆಸರಿಗೇ ಬರುತ್ತಿತ್ತು.

ಕಚೇರಿಯ ಕಾಗದ ಹೊತ್ತು ವರ್ಷಕ್ಕೆ ಎರಡು ಸಲ ಮುಂಬೈಗೆ ಹೋಗಬೇಕಾಗುತ್ತಿತ್ತು. ಕಾಗದ ಒಪ್ಪಿಸಿದ ಮೇಲೆ ವಾಪಸು ಗಾಡಿಯವರೆಗೆ ಇಡೀ ಹಗಲು ಖಾಲಿ. ಜೊತೆಗೆ ಬಂದವರು ಬಜಾರಿನ ದಾರಿ ಹಿಡಿದರೆ ಇವರು ಬಂದರಿನ ಕಡೆಯ ಹಳೆಯ ಕಲ್ಲುಕಟ್ಟಡಗಳ ಬೀದಿಗಳಲ್ಲಿ ನಡೆದು, ಸಿಕ್ಕ ಮ್ಯೂಸಿಯಂ, ಸಿಕ್ಕ ಚಿತ್ರಶಾಲೆ ಹೊಕ್ಕು ಬರುತ್ತಿದ್ದರು.

ಮೊದಲ ಸಲ ಹೋದಾಗ ಬಾಗಿಲ ಬಳಿ ಒಂದು ದಪ್ಪ ಪುಸ್ತಕ, ದಾರ ಕಟ್ಟಿದ ಪೆನ್ನು ಕಂಡವು. ಬಂದವರು ‘ಬಹಳ ಚೆಂದ’ ಎಂದು ಬರೆದು ಹೋಗಲಿ ಎಂದು ಇಟ್ಟದ್ದು. ಪಂಢರಿನಾಥರು ಅದನ್ನು ತಪಾಸಣೆ ಪುಸ್ತಕ ಎಂದುಕೊಂಡರು. ಇನ್ನೇನು ಅಂದುಕೊಂಡಾರು! ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕಚೇರಿಯ ಗುಣ ಅದಕ್ಕಿಂತ ಗಟ್ಟಿ. ಮತ್ತೆ ಒಳಗೆ ಹೋಗಿ, ಕೋಣೆ ಕೋಣೆ ಸುತ್ತಿ, ಬಂದು ಅಂಕಿ ಹಾಕಿ ಬರೆಯಲು ನಿಂತರು. ಮರಾಠಿಯಲ್ಲಿ ಶುರು ಮಾಡಹೋಗಿ ಕೈ ತಡೆಯಿತು. ಮರಾಠಿ ಸಾಹೇಬರ ಷರಾದ ಭಾಷೆ, ಇದು ತಮ್ಮ ಷರಾ. ಊರಿನ ಕನ್ನಡ ಶಾಲೆಯಲ್ಲಿ ತಿದ್ದಿದ ದುಂಡು ಅಕ್ಷರದಲ್ಲಿ ಬರೆದು, ಕೆಳಗೆ ಊರಿನ ಹೆಸರಿನೊಂದಿಗೆ ತಮ್ಮದೇ ಸಹಿ ಹಾಕಿದರು. ವಾಪಸು ಬರುವಾಗ ಎದೆ ಒಂದು ಗೇಣು ಉಬ್ಬಿತ್ತಂತೆ.

ಅದು ಅಂಥ ಪುಸ್ತಕವಲ್ಲ ಎಂದು ಆಮೇಲೆ ತಿಳಿದವರು ತಿಳಿಸಿ ಹೇಳಿದರು. ಕೇಳುವ ಆಸಾಮಿಯೇ ಅಲ್ಲ.

“ಪುಸ್ತಕ ಇಟ್ಟಾರಂದ್ರ ಕಂಡದ್ದ ಬರೀಬೇಕು. ಚಂದ ಅದ ಅಂತ ಬರದ್ರ ಸೋರೂದು ನಿಲ್ತದೇನು?”

“ಮುಂಬೈದಾಗ ನಿಮ್ಮ ಕನ್ನಡ ಓದಾವ್ರು ಯಾರ್ರಿ ಅಪ್ಪಾ?” ಎಂದು ಮಗ ನಗುತ್ತಿದ್ದ. ಆ ಮಾತು ಮುಳ್ಳಾಗಿ ಒಳಗೆ ಕೂತಿತು. ಇಷ್ಟು ವರ್ಷ ಬರೆದದ್ದನ್ನು ಒಬ್ಬರಾದರೂ ಓದಿದರೇ? ಸಾಯುವುದರೊಳಗೆ ಅದೊಂದು ಗೊತ್ತಾಗಬೇಕಿತ್ತು ಅವರಿಗೆ.

ಈ ಜನವರಿಯಲ್ಲಿ, ಎಪ್ಪತ್ತಮೂರರ ವಯಸ್ಸಿನಲ್ಲಿ, ಅವರು ಮತ್ತೆ ಮುಂಬೈಗೆ ಹೊರಟರು. ಕರೆದುಕೊಂಡು ಹೋದವಳು ಸೊಲ್ಲಾಪುರದ ಬ್ಯಾಂಕಿನಲ್ಲಿ ಕೆಲಸದಲ್ಲಿರುವ ಮೊಮ್ಮಗಳು ಪ್ರಾಜಕ್ತಾ. ಮರಾಠಿ ಶಾಲೆಯಲ್ಲಿ ಕಲಿತ ಹುಡುಗಿ, ಕನ್ನಡ ಆಡುತ್ತಾಳೆ, ಓದಲು ಬಾರದು.

“ಅಜ್ಜಾ, ಈ ಸಲ ಬರೇ ನೋಡೂದು. ಷರಾ ಬ್ಯಾಡ. ಖರೇನ ಹೇಳಾಕತ್ತೀನಿ,” ಎಂದು ಗಾಡಿಯಲ್ಲೇ ಕರಾರು ಮಾಡಿಸಿಕೊಂಡಳು.

ಎರಡು ಚಿತ್ರಶಾಲೆಗಳನ್ನು ಅಜ್ಜ ಕೈಕಟ್ಟಿಕೊಂಡು ನೋಡಿದರು. ಒಂದು ಚಿತ್ರ ವಾರೆಯಾಗಿ ನೇತಾಡುತ್ತಿತ್ತು. ಕೈ ತುರಿಸಿದರೂ ತಡೆದುಕೊಂಡರು. ಮೂರನೆಯದು ಬಂದರಿನ ಹಳೆಯ ಗೋದಾಮಿನಲ್ಲಿದ್ದ ಸಣ್ಣ ಮ್ಯೂಸಿಯಂ. ಆರು ವರ್ಷದ ಹಿಂದೆ ಪಿಂಚಣಿಯ ಕೆಲಸಕ್ಕೆ ಬಂದಾಗ ಇಲ್ಲಿ ಷರಾ ಬರೆದದ್ದು ಅವರಿಗೆ ಚೆನ್ನಾಗಿ ನೆನಪಿತ್ತು: ಮೂರನೇ ಕೋಣೆಯಲ್ಲಿ ಕಟ್ಟಿಗೆಯ ಹಡಗಿನ ಮಾದರಿ, ಹಿಂದಿನ ಗೋಡೆಗೆ ನೀರು ಇಳಿಯುತ್ತಿದೆ, ಮಳೆಗಾಲದೊಳಗೆ ಸರಿಸಬೇಕು. ಟಿಕೆಟ್ ತೆಗೆಸಿದ ಕೂಡಲೇ ಪಂಢರಿನಾಥರು ನೇರ ಮೂರನೇ ಕೋಣೆಗೆ ನಡೆದರು.

ಹಡಗು ಆ ಗೋಡೆಯ ಬಳಿ ಇರಲಿಲ್ಲ. ಗೋಡೆಗೆ ಹೊಸದಾಗಿ ಸಿಮೆಂಟಿನ ಗಿಲಾವು ಮಾಡಿದ್ದರು. ಹಡಗು ಎದುರಿನ ಗೋಡೆಯ ಕಡೆ, ಗಾಜಿನ ಪೆಟ್ಟಿಗೆಯೊಳಗೆ ಸುಖವಾಗಿ ನಿಂತಿತ್ತು.

“ಪ್ರಾಜಕ್ತಾ, ಇದನ್ನ ಯಾರು ಸರಿಸ್ಯಾರ ಕೇಳವ್ವಾ,” ಎಂದರು.

ಅವಳು ಕಾವಲುಗಾರನನ್ನು ಮರಾಠಿಯಲ್ಲಿ ಕೇಳಿದಳು. ಅವನು ಮುದುಕರನ್ನೊಮ್ಮೆ ನೋಡಿ, ಯಾವ ಊರಿನವರೆಂದು ತಿರುಗಿ ಕೇಳಿದ. ಅಕ್ಕಲಕೋಟೆ ಎಂದದ್ದೇ ತಡ, ಕೈಮುಗಿದು ಕನ್ನಡಕ್ಕೆ ಬಂದ.

“ಪಂಢರಿನಾಥ ಸಾಹೇಬ್ರೇನ್ರಿ? ನಾ ಮೈಲಾರಲಿಂಗ ರೀ. ನಮ್ಮೂರು ಕರಜಗಿ, ನಿಮ್ಮ ತಾಲೂಕೇ. ನಿಮ್ಮ ಬರಹ ಇಲ್ಲಿ ಯಾರಿಗೂ ತಿಳೀಲಿಲ್ಲ. ಈ ಮ್ಯೂಸಿಯಂ ನೋಡ್ಕೊಳ್ಳೋ ಮ್ಯಾಡಮ್ಮರು ನನ್ನ ಕರದು ಓದಿಸಿದ್ರು. ಹಡಗ ಸರಿಸಿದ್ವಿ. ಅದೇ ಜುಲೈದಾಗ ಗ್ವಾಡಿ ಗಿಲಾವು ಅಷ್ಟೂ ಬಿತ್ರಿ, ಮೊದಲ ಹಡಗ ಇದ್ದ ಜಾಗಾದಾಗೇ!”

ಓಡಿಹೋಗಿ ಕಪಾಟಿನಿಂದ ಹಳೆಯ ಪುಸ್ತಕ ತಂದು ತೆರೆದ. ಪಂಢರಿನಾಥರ ದುಂಡು ಅಕ್ಷರದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಸಾಲು ಮರಾಠಿ. ಅಜ್ಜನಿಗೆ ಮರಾಠಿ ಬಾರದ್ದಲ್ಲ, ಆದರೂ ಪ್ರಾಜಕ್ತಾ ತಾನೇ ಓದಿ ಕನ್ನಡದಲ್ಲಿ ಹೇಳಿದಳು: “ಶ್ರೀ ಪಂಢರಿನಾಥ, ಅಕ್ಕಲಕೋಟ, ಇವರಿಗೆ. ಷರಾ ಒಂದರ ಪ್ರಕಾರ ಹಡಗ ಸರಿಸೇವಿ. ಆಭಾರಿ ಇದ್ದೇವಿ.” ಕೆಳಗೆ ಸಹಿ, ತಾರೀಖು.

ಜನ್ಮದಲ್ಲಿ ಮೊದಲ ಸಲ ಷರಾದ ಉತ್ತರ ಅವರ ಹೆಸರಿಗೆ ಬಂದಿತ್ತು. ಪಂಢರಿನಾಥರು ಕಣ್ಣೊರೆಸಿಕೊಳ್ಳಲಿಲ್ಲ, ಬಂದಷ್ಟು ಬರಲಿ ಎಂದು ಬಿಟ್ಟರು. ಪ್ರಾಜಕ್ತಾಗೆ ಅಜ್ಜನ ಬಗ್ಗೆ ಅಂಥ ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

“ಎರಡು ಅಂತ ಅಂಕಿ ಹಾಕಿ ಇನ್ನೊಂದು ಷರಾನೂ ಅದಲ್ಲಾ ಅಜ್ಜಾ? ಅದಕ್ಕ ಉತ್ತರ ಯಾಕಿಲ್ಲ? ಏನ್ ಬರದಿದ್ದಿ?”

ಅಜ್ಜ ಅದನ್ನು ಓದಿ ಮೈಲಾರಲಿಂಗನ ಕಡೆ ತಿರುಗಿದರು. ಮೈಲಾರಲಿಂಗ ನೆಲ ನೋಡಿದ.

“ಅದನ್ನ ನಾ ಮ್ಯಾಡಮ್ಮರಿಗಿ ಓದಿ ಹೇಳಲಿಲ್ರಿ,” ಎಂದ ಮೆಲ್ಲಗೆ. “ಕಾವಲುಗಾರ ಸ್ಟೂಲಿನ ಮ್ಯಾಲ ನಿದ್ದಿ ಹೊಡ್ಯಾಕತ್ತಾನ ಅಂತ ಬರದಿದ್ರಿ. ಹೊಟ್ಟಿ ಪಾಡು ನೋಡ್ರಿ. ಆದ್ರ ಅವತ್ತಿನಿಂದ ಆ ಸ್ಟೂಲ್ ಮ್ಯಾಲ ಕೂತಿಲ್ರಿ ನಾ, ನಿಮ್ಮಾಣಿ.”

ಮೂವರೂ ನಕ್ಕರು. ಪ್ರಾಜಕ್ತಾ ಗಾಡಿಯಲ್ಲಿ ಮಾಡಿಸಿಕೊಂಡ ಕರಾರನ್ನು ತಾನೇ ಮುರಿದು, ಅಜ್ಜನ ಕೈಗೆ ಪೆನ್ನು ಕೊಟ್ಟಳು.

“ಬರಿ ಅಜ್ಜಾ.”

ಪಂಢರಿನಾಥರು ಮೊದಲು ಎಲ್ಲ ಕೋಣೆ ಸುತ್ತಿ ಬಂದರು, ಅದು ತಪ್ಪಬಾರದು. ಆಮೇಲೆ ಹೊಸ ಪುಸ್ತಕದಲ್ಲಿ ನಿಧಾನವಾಗಿ ಬರೆದರು. ಒಂದು, ಹಡಗು ಸುರಕ್ಷಿತವಾಗಿದೆ. ಎರಡು, ಕಾವಲುಗಾರ ಮೈಲಾರಲಿಂಗ ಎಚ್ಚರವಾಗಿದ್ದಾರೆ. ಕೆಳಗೆ ಸಹಿ.

ಮೈಲಾರಲಿಂಗ ಮ್ಯಾಡಮ್ಮರನ್ನು ಕರೆತಂದು, ನೆಟ್ಟಗೆ ನಿಂತು, ಇಡೀ ಗೋದಾಮಿಗೆ ಕೇಳುವಂತೆ ಅದನ್ನು ಮರಾಠಿ ಮಾಡಿ ಓದಿದ. ಈ ಸಲ ಒಂದು ಸಾಲನ್ನೂ ಬಿಡಲಿಲ್ಲ.